ಕೈಪಿಡಿ ಮೆಷಿನ್ ಒಳಗೇ ಇತ್ತು

ನೆಟ್ ಹೋಯ್ತು ಅಂದ್ರೆ ಕೋಡಿಂಗೂ ನಿಂತಿತು ಅಂತ ನಾವೆಲ್ಲ ನಂಬಿಕೊಂಡುಬಿಟ್ಟಿದ್ದೇವೆ. ಆದರೆ ಬಹಳ ವರ್ಷಗಳ ಕಾಲ 'ಆಫ್‌ಲೈನ್' ಅನ್ನೋ ಮಾತಿಗೇ ಅರ್ಥವಿರಲಿಲ್ಲ. ಇದ್ದದ್ದೇ ಹಾಗೆ.

ಯುನಿಕ್ಸ್‌ನ ಮೊದಲ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ಅಂದರೆ ಸಿಸ್ಟಮ್ ಕಟ್ಟಿದವರೇ. ಕಮಾಂಡಿನ ಹೆಸರು, ಬಳಸುವ ರೀತಿ, ವಿವರಣೆ, ಎಲ್ಲಕ್ಕೂ ಒಂದೇ ಅಚ್ಚುಕಟ್ಟು. ನನಗೆ ಅದರಲ್ಲಿ ತುಂಬಾ ಇಷ್ಟ 'ಬಗ್ಸ್' ಅನ್ನೋ ಭಾಗ. ನಮ್ಮ ಪ್ರೋಗ್ರಾಮಿನಲ್ಲಿ ಇಂತಿಂಥ ದೋಷ ಉಳಿದಿದೆ ಅಂತ ಬರೆದವರೇ ಹೇಳಿಬಿಡ್ತಾರೆ. ಇವತ್ತು ಯಾವ ಪ್ರಾಡಕ್ಟ್ ಮ್ಯಾನೇಜರ್ ಇದಕ್ಕೆ ಒಪ್ತಾರೆ, ಹೇಳಿ!

ಆಮೇಲೆ ಆ ಪುಟಗಳು ಮೆಷಿನ್ ಒಳಗೇ ಸೇರಿದವು. ಲಿನಕ್ಸ್‌ನಲ್ಲಿ ಇವತ್ತಿಗೂ 'ಮ್ಯಾನ್ 3 ಪ್ರಿಂಟ್‌ಎಫ್' ಅಂತ ಟೈಪ್ ಮಾಡಿದರೆ ಸಿ ಭಾಷೆಯ ಆ ಫಂಕ್ಷನ್ನಿನ ಪುಟ ತೆರೆಯುತ್ತೆ. ಆ 3 ಅಂದರೆ ಲೈಬ್ರರಿ ಫಂಕ್ಷನ್‌ಗಳ ವಿಭಾಗ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಟರ್ಬೊ ಸಿ ಬಳಸಿದವರಿಗೆ ಆ ನೀಲಿ ಪರದೆ ನೆನಪಿರಬೇಕು. ಪದದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಎಫ್1 ಒತ್ತಿದರೆ ವಿವರಣೆ, ಜೊತೆಗೆ ಕಾಪಿ ಮಾಡಿಕೊಳ್ಳೋಕೆ ಉದಾಹರಣೆ ಬೇರೆ. ಎಷ್ಟೋ ಜನ ಮೇಷ್ಟ್ರಿಗಿಂತ ಹೆಚ್ಚು ಕಲಿತದ್ದು ಅದರಿಂದಲೇ.

2001ರಲ್ಲಿ ಪೈಥಾನ್ 2.1 ಜೊತೆ 'ಪೈಡಾಕ್' ಬಂತು. ಇದು ಇನ್ನೂ ಒಂದು ಹೆಜ್ಜೆ ಮುಂದೆ: ಬೇರೆ ಪುಸ್ತಕವೇ ಬೇಡ, ಕೋಡ್ ಒಳಗೆ ಬರೆದಿಟ್ಟ ವಿವರಣೆಯನ್ನೇ ಓದಿ ತೋರಿಸುತ್ತೆ. ಹಾಗಾಗಿ ಅದು ಹೇಳೋದು ನಿಮ್ಮ ಮೆಷಿನ್ನಿನಲ್ಲಿರುವ ವರ್ಷನ್ ಬಗ್ಗೆ. ನೆಟ್‌ನಲ್ಲಿ ಹುಡುಕಿದರೆ ಸಿಗೋದು ಯಾರದ್ದೋ ವರ್ಷನ್.

ಈ ವ್ಯತ್ಯಾಸದ ಬೆಲೆ ನನಗೆ ಗೊತ್ತಾದದ್ದು ಒಂದು ಡೇಟಾ ಸೆಂಟರ್‌ನಲ್ಲಿ. ಫೋನ್ ಗೇಟಲ್ಲೇ ಕೊಡಬೇಕು, ಒಳಗೆ ಹೊರಗಿನ ನೆಟ್ ಇಲ್ಲ, ಬೆಳಗಾಗೋದ್ರೊಳಗೆ ಬ್ಯಾಕಪ್ ಸ್ಕ್ರಿಪ್ಟ್ ಓಡಬೇಕು. ಕೈಯಲ್ಲಿದ್ದ ಟಿಪ್ಪಣಿಯಲ್ಲಿ ಸಬ್‌ಪ್ರೊಸೆಸ್‌ಗೆ 'ಕ್ಯಾಪ್ಚರ್ ಔಟ್‌ಪುಟ್' ಕೊಡಿ ಅಂತಿತ್ತು. ಪೈಡಾಕ್ ತೆರೆದು ನೋಡಿದರೆ ಆ ಹೆಸರೇ ಇಲ್ಲ. ಅಲ್ಲಿದ್ದದ್ದು ಪೈಥಾನ್ 3.6, ಆ ಸೌಲಭ್ಯ ಬಂದದ್ದು 3.7ರಲ್ಲಿ. 'ಪೈಪ್' ಬಳಸುವ ಹಳೇ ದಾರಿ ಅದೇ ಪುಟದಲ್ಲಿತ್ತು.

ಗೋ ಭಾಷೆಯಲ್ಲಿ 'ಗೋ ಡಾಕ್' ಇದೆ, ರಸ್ಟ್‌ನಲ್ಲಿ 'ರಸ್ಟಪ್ ಡಾಕ್' ಪೂರ್ತಿ ಪುಸ್ತಕವನ್ನೇ ಬ್ರೌಸರ್‌ನಲ್ಲಿ ತೆರೆಯುತ್ತೆ, ನೆಟ್ ಇಲ್ಲದೇ. ಆದರೆ ಉಬುಂಟುವಿನಲ್ಲಿ ಪೈಥಾನಿನ ಪೂರ್ತಿ ಕೈಪಿಡಿ ಬೇರೆ ಪ್ಯಾಕೇಜು, 'ಪೈಥಾನ್3-ಡಾಕ್'. ಅದನ್ನು ನೆಟ್ ಇರುವಾಗಲೇ ಹಾಕಿಕೊಳ್ಳಬೇಕು.