ನೀಮೋನ ಸೋದರಮಾವನ ಊರು

ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಒಂದು ಸಾಲೂ ಮುಂದಕ್ಕೆ ಹೋಗದೆ ನಿಂತಿದ್ದ ಬೇಸಿಗೆಯಲ್ಲಿ ನಾನು ಹದಿಹರೆಯದವರಿಗಾಗಿ ಬರೆದ ಇಂಗ್ಲಿಷ್ ಕಾದಂಬರಿಗಳನ್ನು ಓದತೊಡಗಿದೆ. ಪುಸ್ತಕಗಳು ನನ್ನವಲ್ಲ, ಕೆ.ಆರ್. ಪೇಟೆಯಲ್ಲಿರುವ ಅಕ್ಕನ ಮಗಳವು. ಒಂಬತ್ತನೇ ತರಗತಿಯ ಹುಡುಗಿ. ನಾನು ಮೈಸೂರಿಗೆ ಹೊರಟಾಗಲೆಲ್ಲ ಬಸ್ಸಿನಲ್ಲಿ ಓದಲೆಂದು ಒಂದೊಂದನ್ನು ಚೀಲಕ್ಕೆ ತುರುಕುತ್ತಿದ್ದಳು. ಸುಝಾನ್ ಕಾಲಿನ್ಸ್ ಬರೆದ ‘ದ ಹಂಗರ್ ಗೇಮ್ಸ್’, ಸ್ಕಾಟ್ ವೆಸ್ಟರ್‌ಫೆಲ್ಡ್‌ನ ‘ಲೆವಿಯಾಥನ್’, ಫಿಲಿಪ್ ರೀವ್‌ನ ‘ಮಾರ್ಟಲ್ ಎಂಜಿನ್ಸ್’. ಮೊದಮೊದಲು ಅಧ್ಯಾಯ ಬರೆಯುವುದನ್ನು ತಪ್ಪಿಸಿಕೊಳ್ಳುವ ನೆಪಕ್ಕೆ ಓದಿದೆ, ಆಮೇಲೆ ಬಿಡಲಾಗಲಿಲ್ಲ.

ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 2001ರಲ್ಲಿ ಬಂದ ‘ಮಾರ್ಟಲ್ ಎಂಜಿನ್ಸ್’. ಅದರಲ್ಲಿ ಊರುಗಳಿಗೆ ಚಕ್ರಗಳಿವೆ. ದೊಡ್ಡ ಊರು ಉರುಳಿಕೊಂಡು ಬಂದು ಚಿಕ್ಕ ಊರನ್ನು ಬೆನ್ನಟ್ಟಿ ನುಂಗುತ್ತದೆ. ಲಂಡನ್ ಒಂದು ಗಣಿ ಊರನ್ನು ನುಂಗುವುದರಿಂದಲೇ ಕಥೆ ಶುರು. ನುಂಗಿದ ಊರಿನ ಕಬ್ಬಿಣ ಕುಲುಮೆಗೆ ಹೋಗುತ್ತದೆ, ಜನ ದುಡಿಮೆಗೆ ಹೋಗುತ್ತಾರೆ, ಹಳೆಯ ಅಪರೂಪದ ವಸ್ತುಗಳೇನಾದರೂ ಸಿಕ್ಕರೆ ಅವು ಲಂಡನ್ ಮ್ಯೂಸಿಯಮ್ಮಿಗೆ. ಕಥಾನಾಯಕ ಟಾಮ್ ಆ ಮ್ಯೂಸಿಯಮ್ಮಿನಲ್ಲಿ ಇತಿಹಾಸಕಾರನಾಗಲು ತರಬೇತಿ ಪಡೆಯುತ್ತಿರುವ ಹುಡುಗ. ಇದನ್ನು ಓದುವಾಗ ನನ್ನ ಬಸ್ಸು ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಕಡೆ ಹೋಗುತ್ತಿತ್ತು. ಪುಸ್ತಕ ಮಡಚಿ ಕಿಟಕಿಯಾಚೆ ನೋಡುತ್ತ ಕೂತೆ. ಚಕ್ರವಿಲ್ಲದೆಯೇ ಲಂಡನ್ ಇಲ್ಲಿಗೆ ಒಮ್ಮೆ ಬಂದುಹೋಗಿದೆಯಲ್ಲ ಅನ್ನಿಸಿತು.

1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಸತ್ತ. ಆ ರಾತ್ರಿಯೆಲ್ಲ ಊರು ಲೂಟಿಯಾಯಿತು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಲೂಟಿ ನಿಂತದ್ದು. ಆಮೇಲಿನ ಹಂಚಿಕೆ ಕ್ರಮಬದ್ಧವಾಗಿಯೇ ನಡೆಯಿತು. ಹುಲಿಯ ಸಿಂಹಾಸನದ ಚಿನ್ನದ ತಗಡನ್ನು ಕತ್ತರಿಸಿ ಪಾಲು ಹಾಕಿದರು. ಅದರ ಹುಲಿತಲೆಯೂ ರತ್ನದ ಹುಮಾ ಹಕ್ಕಿಯೂ ಇಂಗ್ಲೆಂಡಿನ ರಾಜಮನೆತನಕ್ಕೆ ಸೇರಿದವು. ಬಿಳಿಯನೊಬ್ಬನ ಮೇಲೆ ಎರಗಿದ ಮರದ ಹುಲಿ 1808ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಪ್ರದರ್ಶನಕ್ಕೆ ನಿಂತಿತು. ಅದೀಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳಿಂದ ಗಾಳಿ ಹೊರಟು ಹುಲಿ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯಲ್ಲಿ ಒಂದು ಪುಟ್ಟ ಆರ್ಗನ್ ವಾದ್ಯವೂ ಉಂಟು.

ಹಲ್ಲುಚಕ್ರ, ತಿದಿ, ಹಬೆ, ಹಿತ್ತಾಳೆ ಕೊಳವೆ ಇವೇ ಸಾಮಗ್ರಿಯಾಗಿ, ಹತ್ತೊಂಬತ್ತನೇ ಶತಮಾನ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸುವ ಕಥೆಗಳಿಗೆ ಸ್ಟೀಮ್‌ಪಂಕ್ ಎನ್ನುತ್ತಾರೆ. 1987ರಲ್ಲಿ ಕೆ.ಡಬ್ಲ್ಯೂ. ಜೀಟರ್ ಎಂಬ ಲೇಖಕ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಅರ್ಧ ತಮಾಷೆಗೆ ಇಟ್ಟ ಹೆಸರಿದು. ಈ ಪ್ರಕಾರದವರೆಲ್ಲ ತಮ್ಮ ಹಿರಿಯನೆಂದು ನೆನೆಯುವುದು ಫ್ರಾನ್ಸಿನ ಜೂಲ್ಸ್ ವೆರ್ನ್‌ನನ್ನು. ಕ್ಯಾಪ್ಟನ್ ನೀಮೋ ಮತ್ತು ಅವನ ಜಲಾಂತರ್ಗಾಮಿ ನಾಟಿಲಸ್ಸನ್ನು ನಮ್ಮಲ್ಲೂ ಎಷ್ಟೋ ಮಂದಿ ಬಲ್ಲರು. ನೀಮೋ ಯಾವ ದೇಶದವನು ಎಂಬುದನ್ನು ವೆರ್ನ್ ಮೊದಲ ಕಾದಂಬರಿಯಲ್ಲಿ ಬಿಟ್ಟುಕೊಡುವುದಿಲ್ಲ. ಅವನನ್ನು ರಷ್ಯನ್ನರ ಮೇಲೆ ಸೇಡಿಟ್ಟ ಪೋಲೆಂಡಿನವನನ್ನಾಗಿ ಮಾಡುವ ಇಚ್ಛೆ ಲೇಖಕನಿಗಿತ್ತು, ಪ್ರಕಾಶಕ ಒಪ್ಪಲಿಲ್ಲ. 1874-75ರಲ್ಲಿ ಬಂದ ‘ದ ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ಗುಟ್ಟು ಹೊರಬೀಳುತ್ತದೆ. ನೀಮೋ ಭಾರತದವನು, ಬುಂದೇಲಖಂಡದ ರಾಜನ ಮಗ, ಹೆಸರು ಡಾಕ್ಕರ್. 1857ರಲ್ಲಿ ಕಂಪನಿಯ ವಿರುದ್ಧ ಕಾದಾಡಿ ಎಲ್ಲವನ್ನೂ ಕಳೆದುಕೊಂಡವನು. ಮತ್ತು ಟಿಪ್ಪು ಸಾಹೇಬನ ಸಂಬಂಧಿ!

ಯಾವ ಬಗೆಯ ಸಂಬಂಧ ಎನ್ನುವುದಕ್ಕೆ ವೆರ್ನ್ ಬಳಸಿದ ಫ್ರೆಂಚ್ ಪದ ಅಣ್ಣತಮ್ಮನ ಮಗನಿಗೂ ಆಗುತ್ತದೆ, ಅಕ್ಕತಂಗಿಯ ಮಗನಿಗೂ ಆಗುತ್ತದೆ. ತಂದೆ ಬುಂದೇಲಖಂಡದವನಾದ್ದರಿಂದ ಟಿಪ್ಪು ಸೋದರಮಾವನೇ ಇರಬೇಕು ಎಂದು ನಾನು ನಮ್ಮ ಸೀಮೆಯ ಲೆಕ್ಕದಲ್ಲಿ ತೀರ್ಮಾನಿಸಿಕೊಂಡೆ. ಇತಿಹಾಸಕ್ಕೆ ಇದು ಒಂದಿಷ್ಟೂ ಹೊಂದುವುದಿಲ್ಲ, ವಯಸ್ಸೂ ಕೂಡುವುದಿಲ್ಲ. ಆದರೆ ಫ್ರಾನ್ಸಿನಲ್ಲಿ ಕೂತ ಲೇಖಕನೊಬ್ಬನಿಗೆ, ಜಗತ್ತಿನ ಅತಿ ಮುಂದುವರಿದ ಯಂತ್ರ ಕಟ್ಟಿದವನಿಗೆ ಒಂದು ವಂಶ ಬೇಕಾದಾಗ ಶ್ರೀರಂಗಪಟ್ಟಣ ನೆನಪಾಯಿತಲ್ಲ!

ಅದು ಅಷ್ಟು ವಿಚಿತ್ರವೂ ಅಲ್ಲ. ಟಿಪ್ಪುವಿನ ರಾಯಭಾರಿಗಳು 1788ರ ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡಿದ್ದರು. ಕೇಳಿದ್ದು ಸೈನ್ಯವನ್ನು ಮಾತ್ರವಲ್ಲ, ಕುಶಲಕರ್ಮಿಗಳನ್ನೂ. ಇತ್ತ ಪಾಂಡವಪುರವನ್ನು ಹಳಬರು ಈಗಲೂ ಫ್ರೆಂಚ್ ರಾಕ್ಸ್ ಎಂದು ನೆನೆಯುವುದುಂಟು. ಹೈದರ್ ಮತ್ತು ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು.

ಇನ್ನು ರಾಕೆಟ್ಟು. ಚೀನಾದಲ್ಲೂ ಯುರೋಪಿನಲ್ಲೂ ಬಾಣಗಳಿದ್ದವು. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿದರು, ಅದೇ ವ್ಯತ್ಯಾಸ. ಕಾಗದ ಬಿದಿರಿನ ಕೊಳವೆ ತಡೆಯಲಾರದ ಒತ್ತಡವನ್ನು ಕಬ್ಬಿಣ ತಡೆಯುವುದರಿಂದ ಮದ್ದನ್ನು ಬಿಗಿಯಾಗಿ ಗಿಡಿಯಬಹುದು, ಬಾಣ ದೂರ ಹೋಗುತ್ತದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಬೈಲಿಯ ಮದ್ದಿನ ಗಾಡಿ ಸಿಡಿದದ್ದನ್ನು ದರಿಯಾ ದೌಲತ್‌ನ ಗೋಡೆಯ ಮೇಲೆ ಇವತ್ತಿಗೂ ನೋಡಬಹುದು. 1799ರ ಏಪ್ರಿಲ್‌ನ ಒಂದು ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಇವೇ ಬಾಣಗಳ ನಡುವೆ ಸಿಕ್ಕಿಬಿದ್ದು ವೆಲ್ಲೆಸ್ಲಿ ಹಿಂದೆ ಸರಿಯಬೇಕಾಯಿತು. ಕೋಟೆ ಬಿದ್ದ ಮೇಲೆ ರಾಕೆಟ್ಟುಗಳೂ ಹಡಗು ಹತ್ತಿದವು. ವಿಲಿಯಂ ಕಾಂಗ್ರೀವ್ ಅವುಗಳನ್ನು ತಿದ್ದಿ ಬೆಳೆಸಿದ, 1807ರಲ್ಲಿ ಅವು ಕೋಪನ್‌ಹೇಗನ್ ನಗರವನ್ನು ಸುಟ್ಟವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು.

ಯುದ್ಧದ ಇಸವಿ, ಸೇನಾಪತಿಗಳ ಪತ್ರ, ಲೂಟಿಯ ಪಟ್ಟಿ ಎಲ್ಲ ದಾಖಲೆಯಲ್ಲಿದೆ. ಕಬ್ಬಿಣ ಬಡಿದು ಕೊಳವೆ ಸುತ್ತಿದವರು ಯಾರು, ಹುಲಿಯ ಹಲ್ಲು ಕೆತ್ತಿದ ಉಳಿ ಯಾರ ಕೈಯಲ್ಲಿತ್ತು ಎಂಬುದಿಲ್ಲ. ಕಾದಂಬರಿಗಳಾದರೂ ಬಹುಕಾಲ ಅವರನ್ನು ಕೇಳಲಿಲ್ಲ. ವಿಲ್ಕಿ ಕಾಲಿನ್ಸ್‌ನ ‘ದ ಮೂನ್‌ಸ್ಟೋನ್’ (1868) ಶ್ರೀರಂಗಪಟ್ಟಣದ ಲೂಟಿಯಲ್ಲಿ ಕದ್ದ ವಜ್ರದಿಂದ ಆರಂಭವಾಗಿ ನೇರ ಇಂಗ್ಲೆಂಡಿಗೆ ಹಾರುತ್ತದೆ. ಜಿ.ಎ. ಹೆಂಟಿ 1896ರಲ್ಲಿ ಹುಡುಗರಿಗಾಗಿ ಬರೆದ ‘ದ ಟೈಗರ್ ಆಫ್ ಮೈಸೂರ್’ನಲ್ಲಿ ಇಂಗ್ಲಿಷ್ ಹುಡುಗನೊಬ್ಬ ಸೆರೆಯಾದ ತಂದೆಯನ್ನು ಹುಡುಕಿ ಬರುತ್ತಾನೆ, ನಮ್ಮವರು ಅವನ ಸಾಹಸಕ್ಕೆ ಹಿನ್ನೆಲೆ. 2023ರಲ್ಲಿ ಬಂದ ತಾನಿಯಾ ಜೇಮ್ಸ್‌ರ ‘ಲೂಟ್’ ಓದಿದಾಗ ಮಾತ್ರ ಎದೆ ಹಗುರಾಯಿತು. ಅದರ ನಾಯಕ ಅಬ್ಬಾಸ್ ಹದಿನೇಳರ ಮರಗೆಲಸದ ಹುಡುಗ, ಫ್ರೆಂಚ್ ಗಡಿಯಾರಗಾರನೊಬ್ಬನ ಜೊತೆ ಸೇರಿ ಆ ಹುಲಿಯನ್ನು ಮಾಡುವವನು. ಅಬ್ಬಾಸ್ ಕಲ್ಪನೆ. ಆದರೆ ಅಂಥ ಒಬ್ಬ ಇದ್ದೇ ಇದ್ದ. ನಾನು ಪ್ರಬಂಧದಲ್ಲಿ ಅವನಿಗೆ ಹೆಸರಿಡುವಂತಿಲ್ಲ, ಇಟ್ಟರೆ ಮಾರ್ಗದರ್ಶಕರು ಕೆಂಪು ಗೆರೆ ಎಳೆಯುತ್ತಾರೆ. ಎಳೆಯಲೇಬೇಕು.

ಟಿಪ್ಪು ಎಂದೊಡನೆ ನಮ್ಮಲ್ಲಿ ಮಾತು ಎರಡು ಪಾಳೆಯವಾಗುತ್ತದೆ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಪಾಂಡವಪುರ ತಾಲ್ಲೂಕಿನದೇ ಮೇಲುಕೋಟೆಯಲ್ಲಿ ಮಂಡಯಂ ಅಯ್ಯಂಗಾರ್ ಮನೆಗಳು ನರಕ ಚತುರ್ದಶಿಯ ಹಬ್ಬ ಮಾಡುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮವರ ಹತ್ಯೆಯಾಯಿತೆಂಬ ನೆನಪು ಅದಕ್ಕೆ ಕಾರಣ ಎನ್ನುತ್ತಾರೆ. ಯಂತ್ರದ ಬೆರಗಿನಲ್ಲಿ ಈ ಮನೆಗಳ ಕತ್ತಲೆಯನ್ನು ಮರೆಯುವ ಸ್ಟೀಮ್‌ಪಂಕ್ ನನಗೆ ಬೇಡ. ‘ಹಂಗರ್ ಗೇಮ್ಸ್’ನಂಥ ಡಿಸ್ಟೋಪಿಯಾಗಳು ಈ ವಿಷಯದಲ್ಲಿ ಹೆಚ್ಚು ಎಚ್ಚರದವು. ಹೊಳೆಯುವ ರಾಜಧಾನಿ ಕಂಡೊಡನೆ ಅದರ ಬೆಲೆ ಯಾವ ಹಳ್ಳಿ ತೆತ್ತಿತು ಎಂದು ಕೇಳುತ್ತವೆ. ಕೆ.ಆರ್. ಪೇಟೆ ದಾರಿಯ ಚಿನಕುರಳಿಯಲ್ಲಿ 1771ರಲ್ಲಿ ಮರಾಠರು ಹೈದರನ ಸೈನ್ಯವನ್ನು ಬಡಿದುಹಾಕಿದಾಗ ಅಲ್ಲಿನ ರೈತರ ಪಾಡೇನಾಯಿತೆಂದು ನಾನಂತೂ ಅದುವರೆಗೆ ಯೋಚಿಸಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಅಕ್ಕನ ಮಗಳು ತಾನೇ ಒಂದು ಕಥೆ ಶುರುಮಾಡಿದಳು. ನಾಯಕಿ ನಾಗಮಂಗಲದ ಎರಕದವರ ಮನೆಯ ಹುಡುಗಿ. ವಿಗ್ರಹಕ್ಕೆ ಮೇಣದ ಅಚ್ಚು ಮಾಡಲು ಬಲ್ಲವಳು, ಹಿತ್ತಾಳೆಯ ಹಕ್ಕಿಯೊಂದನ್ನು ಹಾರಿಸುತ್ತಾಳಂತೆ. ನಾಗಮಂಗಲ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು ಎಂದು ನಾನು ಹೇಳಿದ್ದನ್ನು ಸರಿಯಾಗಿ ಹಿಡಿದುಕೊಂಡಿದ್ದಳು. ಎರಡು ಪುಟ ಬರೆದು ನಿಲ್ಲಿಸಿ ಕೇಳಿದಳು, “ಮಾವ, ಅವಳಿಗೆ ಏನು ಹೆಸರಿಡಲಿ? ಆಗ ಹೆಣ್ಣುಮಕ್ಕಳಿಗೆ ಏನು ಹೆಸರಿಡ್ತಿದ್ರು?”

ನನ್ನ ಟಿಪ್ಪಣಿ ಪುಸ್ತಕಗಳಲ್ಲಿ ರಾಣಿಯರ ಹೆಸರುಗಳಿದ್ದವು. “ನಮ್ಮಜ್ಜಿಯ ಅಜ್ಜಿ ಹೆಸರೇ ಇಡು” ಎಂದೆ. ಅದು ನನಗೂ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲರೂ ದೊಡ್ಡವ್ವ ಅಂತಿದ್ರು ಕಣಪ್ಪ, ಹೆಸರು ಯಾರ್ ಕೇಳಿದ್ರು” ಎಂದಳು. ಹುಡುಗಿ ಹಾಳೆಯ ಮೇಲೆ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಮುಂದಿನ ಸಾಲು ಬರೆಯತೊಡಗಿದಳು.