ಮೀನಿನ ಮೂಲ ಕೇಳಬೇಕು



ನದೀಮೂಲ, ಋಷಿಮೂಲ ಕೇಳಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಮೀನಿನ ಮೂಲವನ್ನು ಮಾತ್ರ ಕೇಳಲೇಬೇಕು. ಅದರಲ್ಲೂ ಆ ಮೀನು ನಮ್ಮ ಮನೆಯ ಗಾಜಿನ ತೊಟ್ಟಿಗೆ ಬರುವುದಾದರೆ, ದುಡ್ಡು ಕೊಡುವ ಮೊದಲೇ ಕೇಳಬೇಕು. ಮನೆಗೆ ಸೊಸೆ ತರುವಾಗ ಊರು ಯಾವುದು, ಮನೆತನ ಯಾವುದು ಎಂದು ನಾಲ್ಕು ಕಡೆ ವಿಚಾರಿಸುವ ನಾವು, ಮೀನನ್ನು ಮಾತ್ರ ಬಣ್ಣ ನೋಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದುಬಿಡುತ್ತೇವೆ.

ಈ ಸಲ ಒಂದೇ ಒಂದು ಮೀನಿನ ಕಥೆ ಹೇಳುತ್ತೇನೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ನೀವು ಎಲ್ಲೇ ಇರಿ, ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಇದನ್ನು ಕಂಡಿರಬಹುದು. ಮೂರು ನಾಲ್ಕು ಅಂಗುಲದ ಮೈ, ಮೂತಿಯ ಕೆಳಗೆ ಪುಟ್ಟ ಮೀಸೆ, ತಲೆಯಿಂದ ಬಾಲದವರೆಗೆ ಕಪ್ಪು ಹಳದಿ ಸಣ್ಣ ಸಣ್ಣ ಪಟ್ಟೆ. ಅಂಗಡಿಯವರು ಇದನ್ನು 'ಜೀಬ್ರಾ ಲೋಚ್' ಎನ್ನುತ್ತಾರೆ. ತೊಟ್ಟಿಯಲ್ಲಿ ಬಸವನಹುಳು ಹೆಚ್ಚಾಗಿದ್ದರೆ ತಿಂದು ಹಾಕುತ್ತದೆ, ತೊಗೊಂಡು ಹೋಗಿ ಎನ್ನುತ್ತಾರೆ. ಹೆಸರು ಕೇಳಿದರೆ ಆಫ್ರಿಕಾದ್ದೋ ಅಮೆರಿಕದ್ದೋ ಇರಬೇಕು ಎನಿಸುತ್ತದೆ. ಆದರೆ ಈ ಮೀನಿನ ತವರು ನಮ್ಮ ಮಲೆನಾಡು!

1920ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು ಮೈಸೂರು ಸಂಸ್ಥಾನದ ಕೆಲವು ಹೊಸ ಮೀನುಗಳನ್ನು ಲಂಡನ್ನಿನ ಒಂದು ವಿಜ್ಞಾನ ಪತ್ರಿಕೆಯಲ್ಲಿ ವಿವರಿಸಿದರು. ಅವುಗಳಲ್ಲಿ ಶಿವಮೊಗ್ಗದ ತುಂಗಾ ನದಿಯಲ್ಲಿ ಸಿಕ್ಕ ಈ ಪಟ್ಟೆಮೀನೂ ಒಂದು. ಅವರು ಇಟ್ಟ ಹೆಸರು 'ಬೋಟಿಯಾ ಸ್ಟ್ರಯಾಟ'. ಸ್ಟ್ರಯಾಟ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗೆರೆಗಳುಳ್ಳದ್ದು. ಇದೇ ನಾರಾಯಣ ರಾಯರು ಕಪ್ಪೆಗಳ ಅಧ್ಯಯನಕ್ಕೆ ಹೆಸರಾದವರು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಹೌದು. ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕುಳಿತು ದೊಡ್ಡ ದೊಡ್ಡ ಮೀನುಗಳಿಗೆ ಪುರಿ ಹಾಕಿಯೇ ಇರುತ್ತೀರಿ. ಅದೇ ಹೊಳೆಯ ಕಲ್ಲುಸಂದಿಯ ಈ ಪುಟ್ಟ ಮೀನನ್ನು ಮಾತ್ರ ಯಾರೂ ಅಷ್ಟಾಗಿ ನೋಡಿಲ್ಲ.

ಮೀನನ್ನು ವಿಚಾರಿಸಿ ತಿಳಿಯುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಒಂದು ಭಾಗವಿದೆ. ಗಾಳ ಹಾಕುವ ಆಟದ ವಿಷಯ ಅದು. ಗಾಳ ಹಾಕುವ ಮೊದಲು ರಾಜನಿಗೆ ಮೀನಿನ ಗುರುತು ಬೇಕಿತ್ತು. ಸಮುದ್ರದ್ದೋ ಹೊಳೆಯದ್ದೋ, ಮೈಮೇಲೆ ಹುರುಪೆ ಇದೆಯೋ ಇಲ್ಲವೋ, ದೊಡ್ಡದೋ ಸಣ್ಣದೋ, ಯಾವ ಮೇವಿಗೆ ಬರುತ್ತದೆ ಎಂದು ಸುಮಾರು 35 ಬಗೆಯ ಮೀನುಗಳನ್ನು ಅಲ್ಲಿ ವಿಂಗಡಿಸಿದ್ದಾರೆ. ಭಾರತದ ಮೀನುಗಳ ದೊಡ್ಡ ವಿದ್ವಾಂಸ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗದ ಬಗ್ಗೆ ಲೇಖನ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ದೊರೆ ಕೇಳಿದ ಪ್ರಶ್ನೆಗಳನ್ನೇ ಇಂದು ಅಂಗಡಿಯ ಮುಂದೆ ನಿಂತು ನಾವು ಕೇಳಬೇಕಾಗಿದೆ.

ಆಮೇಲೆ ಬಂದವರು ಕಂಪನಿ ಸರ್ಕಾರದ ವೈದ್ಯರು, ಸೇನಾಧಿಕಾರಿಗಳು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆಯಲು ಹೊರಟ ಫ್ರಾನ್ಸಿಸ್ ಬುಕಾನನ್ ಹೆಸರು ಇತಿಹಾಸ ಓದಿದವರಿಗೆ ಗೊತ್ತು. ಅವರೇ 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದರು. ಇಂದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಇರುವ ಜೀಬ್ರಾ ಮೀನನ್ನು ಮೊದಲು ವಿವರಿಸಿದ್ದು ಆ ಗ್ರಂಥವೇ. ಪುಣೆಯ ಕೇಳುಗರಿಗೆ ಹತ್ತಿರದವರು ಕರ್ನಲ್ ಸೈಕ್ಸ್. ಮುಳಾ-ಮುಠಾ, ಭೀಮಾ ಹೊಳೆಗಳ ಮೀನುಗಳನ್ನು ಸಂಗ್ರಹಿಸಿ 1839ರಲ್ಲಿ ಅವುಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟರು. ಮದರಾಸಿನ ಸೇನೆಯಲ್ಲಿ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಇಡೀ ಭಾರತದ ಮೀನುಗಳ ಗ್ರಂಥವನ್ನೇ ಹೊರತಂದರು.

ಇತ್ತ ಇಂಗ್ಲೆಂಡಿನಲ್ಲಿ ಇನ್ನೊಂದು ಗೀಳು ಹುಟ್ಟಿತ್ತು. ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆಗೆ ನೀರಿನ ಗಿಡವನ್ನೂ ಬಸವನಹುಳುವನ್ನೂ ಇಟ್ಟರೆ ನೀರು ಬೇಗ ಕೆಡುವುದಿಲ್ಲ ಎಂದು ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತೋರಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮಾತಾಯಿತು. ನಮ್ಮ ದೇಶದಲ್ಲಿ 1909ರಲ್ಲಿ ಮದರಾಸಿನ ಮರೀನಾದಲ್ಲಿ, 1951ರಲ್ಲಿ ಮುಂಬಯಿಯ ಮರೀನ್ ಡ್ರೈವಿನಲ್ಲಿ ಸಾರ್ವಜನಿಕ ಮತ್ಸ್ಯಾಲಯಗಳು ತೆರೆದವು. ಮುಂಬಯಿಯದು ತಾರಾಪೊರೆವಾಲಾ ಅಕ್ವೇರಿಯಂ. ಮಕ್ಕಳ ಕೈಹಿಡಿದು ಅಲ್ಲಿಗೆ ಹೋದ ಕನ್ನಡಿಗರ ಮನೆಗಳು ಎಷ್ಟೋ.

ಹೀಗೆ ಗ್ರಂಥದೊಳಗಿದ್ದ ಮೀನುಗಳು ಮನೆಯ ಷೋಕೇಸಿನ ಪಕ್ಕಕ್ಕೆ ಬಂದವು. ಬರುವಾಗ ಗ್ರಂಥದಲ್ಲಿದ್ದ ವಿವರಗಳು ಮಾತ್ರ ಹಿಂದೆಯೇ ಉಳಿದವು. ಎಡವಟ್ಟಾದದ್ದು ಇಲ್ಲೇ.

ಮೊದಲು ಹೆಸರಿನ ಗೊಂದಲ ನೋಡಿ. ಅಂಗಡಿಯಲ್ಲಿ 'ಬೋಟಿಯಾ' ಎಂದರೆ ಎರಡು ಮೂರು ಬಗೆಯ ಮೀನು ತೋರಿಸುತ್ತಾರೆ. ಒಂದು ನಮ್ಮ ತುಂಗೆಯ ಪಟ್ಟೆಮೀನು. ಇನ್ನೊಂದು ಕಿತ್ತಳೆ ಮೈಗೆ ಮೂರು ಅಗಲ ಕಪ್ಪು ಪಟ್ಟೆ ಇರುವ ಕ್ಲೌನ್ ಲೋಚ್. ಅದು ಸುಮಾತ್ರಾ, ಬೋರ್ನಿಯೋ ದ್ವೀಪಗಳದ್ದು. ಡಚ್ ವೈದ್ಯ ಬ್ಲೀಕರ್ ಅದನ್ನು 1852ರಲ್ಲಿ ವಿವರಿಸಿದರು. ಅಂಗಡಿಯಲ್ಲಿ ಎರಡೂ ಬೆರಳುದ್ದ. ಆದರೆ ಕ್ಲೌನ್ ಲೋಚ್ ವರ್ಷಗಳು ಕಳೆದಂತೆ ಒಂದು ಅಡಿಯವರೆಗೆ ಬೆಳೆಯಬಲ್ಲದು. ಎರಡಡಿ ತೊಟ್ಟಿಯಲ್ಲಿ ಒಂದಡಿ ಮೀನು ತಿರುಗುವುದಾದರೂ ಹೇಗೆ? ಅದಕ್ಕೇ ಅಂಗಡಿಯ ಹೆಸರನ್ನು ನಂಬದೆ ಶಾಸ್ತ್ರೀಯ ಹೆಸರನ್ನು ಕೇಳಿ ಬರೆದುಕೊಳ್ಳಬೇಕು. ಆ ಹೆಸರು ಸಿಕ್ಕರೆ ಊರು, ಗಾತ್ರ, ಆಹಾರ, ಸ್ವಭಾವ ಎಲ್ಲವೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ನಮ್ಮ ಪಟ್ಟೆಮೀನನ್ನೇ ವಿಚಾರಿಸಿದರೆ ತಿಳಿಯುವುದು ಇಷ್ಟು. ಅದು ಹರಿಯುವ ತಿಳಿನೀರಿನದು. ನೀರು ಕಲಕಾಗಿದ್ದರೆ, ಗಾಳಿ ಸಾಲದಿದ್ದರೆ ಸೊರಗುತ್ತದೆ. ಗುಂಪಿನಲ್ಲಿ ಬಾಳುವ ಜೀವ, ಒಂದನ್ನೇ ತಂದರೆ ಹೆದರಿ ಕಲ್ಲಿನ ಹಿಂದೆಯೇ ಇರುತ್ತದೆ, ಐದಾರಾದರೂ ಜೊತೆಗಿರಬೇಕು. ತಳದಲ್ಲಿ ಮೀಸೆಯಾಡಿಸಿ ಮೇವು ಹುಡುಕುವುದರಿಂದ ಚೂಪು ಜಲ್ಲಿ ಆಗದು, ನಯವಾದ ಮರಳು ಬೇಕು. ಮೈಮೇಲಿನ ಹುರುಪೆ ತೀರಾ ಸಣ್ಣವು. ಹಾಗಾಗಿ ಬೇರೆ ಮೀನಿಗೆ ಹಾಕುವ ಔಷಧಿಯ ಪ್ರಮಾಣ ಇದಕ್ಕೆ ಹೆಚ್ಚಾಗಬಹುದು. ಕಣ್ಣಿನ ಕೆಳಗೆ ಒಂದು ಮುಳ್ಳು ಅಡಗಿದೆ. ಹೆದರಿದಾಗ ಅದನ್ನು ನೆಟ್ಟಗೆ ಮಾಡುತ್ತದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಬಸವನಹುಳು ತಿನ್ನುವುದು ನಿಜ. ಆದರೆ ಅದೊಂದಕ್ಕಾಗಿ ತಂದವರು ಮುಳುಗುವ ಮೇವನ್ನೂ ಹಾಕಬೇಕು, ಇಲ್ಲದಿದ್ದರೆ ಹುಳು ಮುಗಿದ ಮೇಲೆ ಮೀನಿಗೆ ಉಪವಾಸವೇ ಗತಿ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಇದು ತೊಟ್ಟಿಯಲ್ಲಿ ಹುಟ್ಟಿದ್ದೋ, ಹೊಳೆಯಲ್ಲಿ ಹಿಡಿದದ್ದೋ? ಬೋಟಿಯಾಗಳು ಮನೆಯ ತೊಟ್ಟಿಯಲ್ಲಿ ಮರಿ ಮಾಡುವುದು ತೀರಾ ಅಪರೂಪ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2005ರಿಂದ 2012ರವರೆಗೆ ಅಪಾಯದಲ್ಲಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಭಾರತದಿಂದ ರಫ್ತಾದವು. ಅದರಲ್ಲಿ ದೊಡ್ಡ ಪಾಲು ಪಡೆದವುಗಳಲ್ಲಿ ನಮ್ಮ ತುಂಗೆಯ ಪಟ್ಟೆಮೀನೂ ಒಂದು. ಪಶ್ಚಿಮ ಘಟ್ಟದ ಕರ್ನಾಟಕ, ಮಹಾರಾಷ್ಟ್ರದ ಕೆಲವೇ ಹೊಳೆಗಳಲ್ಲಿ ಇರುವ ಈ ಮೀನನ್ನು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿ ಎಂದು ದಾಖಲಿಸಲಾಗಿದೆ.

ಅದೇ ಅಧ್ಯಯನ ಹೇಳಿದ ಇನ್ನೊಂದು ಮೀನು 'ಮಿಸ್ ಕೇರಳ'. ಮೈಯುದ್ದಕ್ಕೂ ಕೆಂಪು ಗೆರೆ ಇರುವ ಚೆಲುವೆ. 1865ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಅಂದಿನ ಮದರಾಸಿನ ಗವರ್ನರ್ ಡೆನಿಸನ್ ಹೆಸರಿಟ್ಟರು. ಹೊರದೇಶದಲ್ಲಿ ಬೇಡಿಕೆ ಏರಿದ ಮೇಲೆ ಕೇರಳ ಸರ್ಕಾರ 2008ರಲ್ಲಿ ಹಿಡಿಯುವುದಕ್ಕೆ ನಿರ್ಬಂಧ ತಂದಿತು. ಆದರೆ ಹಿಡಿಯಬಾರದು ಎಂದ ತಿಂಗಳುಗಳಿಗೂ ಮೀನು ಮೊಟ್ಟೆಯಿಡುವ ತಿಂಗಳುಗಳಿಗೂ ಸರಿಯಾಗಿ ತಾಳೆಯಾಗಲಿಲ್ಲ. ಒಂದು ಜೀವದ ಬದುಕನ್ನು ತಿಳಿಯದೆ ಅದನ್ನು ಸಾಕುವುದಕ್ಕೂ ಆಗದು, ಉಳಿಸುವುದಕ್ಕೂ ಆಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ವಿಚಾರಿಸದೆ ತಂದರೆ ನಷ್ಟ ನಮ್ಮ ತೊಟ್ಟಿಗೇ ನಿಲ್ಲುವುದಿಲ್ಲ. ಗಾಜಿನ ಪಾಚಿ ತಿನ್ನುತ್ತದೆಂದು ಎರಡಂಗುಲದ 'ಸಕ್ಕರ್' ಮೀನನ್ನು ತರುತ್ತೇವೆ. ದಕ್ಷಿಣ ಅಮೆರಿಕದ ಈ ಮೀನು ಒಂದಡಿ ದಾಟಿದಾಗ ಕೊಲ್ಲಲು ಮನಸ್ಸು ಬಾರದೆ ಹತ್ತಿರದ ಕೆರೆಗೆ ಬಿಡುವವರಿದ್ದಾರೆ. ಪುಣ್ಯ ಬಂತು ಎಂದುಕೊಳ್ಳುತ್ತಾರೆ. ಇಂದು ಅದು ನಮ್ಮ ದೇಶದ ಹಲವು ಕೆರೆ ನದಿಗಳಲ್ಲಿ ಸಂತಾನ ಬೆಳೆಸಿಕೊಂಡು, ಬೆಸ್ತರ ಬಲೆ ಹರಿದು, ಊರ ಮೀನುಗಳ ಮೇವು ಕಸಿಯುತ್ತಿದೆ. ಸಾಕಿದ ಮೀನನ್ನು ಯಾವ ಕಾರಣಕ್ಕೂ ಕೆರೆ ಹೊಳೆಗೆ ಬಿಡಬೇಡಿ. ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

ಹಾಗಾದರೆ ಮೀನು ಸಾಕುವುದೇ ತಪ್ಪೇ? ಖಂಡಿತ ಅಲ್ಲ. ಊರು ಬಿಟ್ಟು ಬಂದ ನಮಗೆ ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ ಒಂದಿಷ್ಟು ನೀರು, ಒಂದಿಷ್ಟು ಹಸಿರು, ಒಂದಿಷ್ಟು ಜೀವ ಕಣ್ಣಿಗೆ ಬೀಳುವುದು ದೊಡ್ಡ ಸಮಾಧಾನವೇ. ಮಕ್ಕಳಿಗಂತೂ ಅದೊಂದು ಪಾಠಶಾಲೆ. ಆದರೆ ಇಷ್ಟು ಮಾಡಿ: ಹೊಸ ಮೀನು ಕಂಡ ದಿನವೇ ಕೊಳ್ಳಬೇಡಿ. ಹೆಸರು ಬರೆದುಕೊಂಡು ಮನೆಗೆ ಬನ್ನಿ. ಎಲ್ಲಿಯದು, ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ, ಯಾರೊಡನೆ ಹೊಂದುತ್ತದೆ, ಹೊಳೆಯಿಂದ ಕಿತ್ತು ತಂದದ್ದೇ, ಈ ಐದನ್ನು ಮಕ್ಕಳೊಡನೆ ಕೂತು ಹುಡುಕಿ. ಐದಕ್ಕೂ ಉತ್ತರ ಸಿಕ್ಕ ಮೇಲೆ ಅಂಗಡಿಗೆ ಹೋಗಿ. ತುಂಗೆಯ ಪಟ್ಟೆಮೀನಿನ ವಿಷಯದಲ್ಲಂತೂ ಅಂಗಡಿಯವರು ಕೊನೆಯ ಪ್ರಶ್ನೆಗೆ ತಡವರಿಸಿದರೆ ಕೈಬೀಸಿಕೊಂಡು ಹಿಂದಿರುಗಿ. ಬಸವನಹುಳುವನ್ನು ಕೈಯಿಂದಲೇ ಆರಿಸಿ ತೆಗೆಯಬಹುದು. ಹೊಳೆಯಿಂದ ಹೋದ ಮೀನನ್ನು ಹೊಳೆಗೆ ಮತ್ತೆ ತರುವುದು ಅಷ್ಟು ಸುಲಭವಲ್ಲ.