ಮುಂಬಯಿಯ ಕಡಲತಡಿಯ ಮತಚರ್ಚೆಗಳು

ಒಂದು ಮತದ ಪರವಾಗಿ ನಿಂತು, ಅದನ್ನೊಪ್ಪದವರ ಎದುರಿನಲ್ಲಿ ಯುಕ್ತಿಯಿಂದ ಅದನ್ನು ಸಮರ್ಥಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸತಲ್ಲ. ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮವು ಶಾಸ್ತ್ರಗಳಷ್ಟೇ ಹಳೆಯದು. ಆದರೆ ಹಿಂದಿನ ವಾದಸಭೆಗಳಲ್ಲಿ ಅರಸನೋ ಮಠಾಧಿಪತಿಯೋ ಮಧ್ಯಸ್ಥನಾಗಿರುತ್ತಿದ್ದನು; ಭಾಷೆ ಬಹುಮಟ್ಟಿಗೆ ಸಂಸ್ಕೃತ; ಕೇಳುವವರು ಪಂಡಿತರು. ೧೯ನೆಯ ಶತಮಾನದ ಮುಂಬಯಿಯಲ್ಲಿ ಈ ಮೂರೂ ಬದಲಾದುವು. ಕ್ರೈಸ್ತ ಪಾದ್ರಿಗಳೊಡನೆ ನಡೆದ ವಾದಗಳ ಭಾಷೆ ಮರಾಠಿ. ಕೇಳುವವರು ಕಾರಕೂನರು, ವ್ಯಾಪಾರಿಗಳು, ಶಾಲೆ ಕಲಿಯುವ ಹುಡುಗರು. ಆಳುವ ಸರಕಾರವಾದರೋ ತಾನು ಯಾವ ಮತದ ಪಕ್ಷವನ್ನೂ ವಹಿಸುವುದಿಲ್ಲವೆಂದು ಸಾರುತ್ತಿತ್ತು. ಗೆದ್ದವರಾರೆಂದು ಹೇಳತಕ್ಕ ಮಧ್ಯಸ್ಥನೇ ಇಲ್ಲದ ವಾದಗಳಿವು.

೧೮೧೩ರ ಸನದಿನಿಂದ ಮಿಶನರಿಗಳಿಗೆ ಕಂಪನಿಯ ಸೀಮೆಗಳ ಬಾಗಿಲು ತೆರೆಯಿತು. ಅದೇ ವರ್ಷ ಅಮೆರಿಕದ ಮಿಶನರಿಗಳು ಮುಂಬಯಿಯಲ್ಲಿ ಇಳಿದರು. ಆದರೆ ವಾದಕ್ಕೆ ಕಾವು ಬಂದುದು ೧೮೨೯ರಲ್ಲಿ ಸ್ಕಾಟ್ಲೆಂಡಿನ ಜಾನ್ ವಿಲ್ಸನ್ (೧೮೦೪-೧೮೭೫) ಬಂದ ಮೇಲೆ. ಇಂದಿನ ವಿಲ್ಸನ್ ಕಾಲೇಜಿಗೆ ಹೆಸರು ಕೊಟ್ಟವನು ಇವನೇ. ದೇಶಭಾಷೆಗಳನ್ನು ಶ್ರದ್ಧೆಯಿಂದ ಕಲಿತು, ಹಿಂದೂ ಪಾರಸಿ ಗ್ರಂಥಗಳನ್ನು ಓದಿ, ಅವುಗಳಿಂದಲೇ ಆಕ್ಷೇಪಗಳನ್ನೆತ್ತುವುದು ಅವನ ರೀತಿ. ೧೮೩೧ರಲ್ಲಿ ಮೋರಭಟ್ಟ ದಾಂಡೇಕರರು ಅವನೊಡನೆ ಬಹಿರಂಗವಾಗಿ ವಾದಿಸಿ, ಅನಂತರ ‘ಹಿಂದುಧರ್ಮಸ್ಥಾಪನಾ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ವಿಲ್ಸನ್ ಮರುವರ್ಷವೇ ಪ್ರತ್ಯುತ್ತರ ಬರೆದನು. ಸಾತಾರೆಯ ನಾರಾಯಣರಾಯರು ಅದಕ್ಕೆ ಉತ್ತರವಿತ್ತರು. ೧೮೩೪ರಲ್ಲಿ ಪುನಃ ವಿಲ್ಸನ್ನನ ಖಂಡನೆ. ಹೀಗೆ ಸಭೆಯಲ್ಲಿ ಮೊದಲಾದ ಮಾತು ಅಚ್ಚಿನ ಮನೆಗೆ ಹೊಕ್ಕಿತು. ಆಡಿದ ಮಾತಿಗೆ ನಾಲ್ಕು ಜನ ಸಾಕ್ಷಿಗಳಾದರೆ ಅಚ್ಚಾದ ಮಾತಿಗೆ ಊರೇ ಸಾಕ್ಷಿಯಾಗುತ್ತದೆ. ಆದುದರಿಂದ ಎರಡು ಪಕ್ಷದವರೂ ಹಿಂಜರಿಯುವಂತಿರಲಿಲ್ಲ.

ಈ ಗ್ರಂಥಯುದ್ಧದಲ್ಲಿ ಇಬ್ಬರೂ ಮಾತನಾಡುತ್ತಿದ್ದುದು ಒಂದೇ ವಿಷಯವನ್ನು ಕುರಿತಲ್ಲ. ವಿಲ್ಸನ್ ಪುರಾಣಗಳ ದೇವತೆಗಳನ್ನು ನೀತಿಯ ಒರೆಗಲ್ಲಿಗೆ ತಿಕ್ಕಿದನು. ಭಗವಂತನ ಲೀಲೆಯನ್ನು ಮನುಷ್ಯರ ಅಳತೆಗೋಲಿನಿಂದ ಅಳೆಯಬಾರದೆಂಬುದು ಶಾಸ್ತ್ರಿಗಳ ಸಮಾಧಾನ. ತನ್ನ ಗ್ರಂಥದ ಪವಾಡಗಳ ವಿಷಯದಲ್ಲಿ ವಿಲ್ಸನ್ನನೂ ಇಂಥ ಸಮಾಧಾನವನ್ನೇ ಆಶ್ರಯಿಸಬೇಕಾಗುತ್ತಿತ್ತೆಂಬುದು ಬೇರೆ ಮಾತು. ಪರರ ಮತಕ್ಕೆ ಯುಕ್ತಿ, ಸ್ವಮತಕ್ಕೆ ಶ್ರದ್ಧೆ ಎಂಬ ಈ ಇಬ್ಬಂದಿತನ ಒಂದು ಪಕ್ಷದ ದೋಷವಲ್ಲ.

ಆದರೆ ಇದು ಬರಿಯ ಬುದ್ಧಿವಿಲಾಸವಾಗಿರಲಿಲ್ಲ, ಮನೆಮಕ್ಕಳೇ ಪಣವಾಗಿದ್ದರು. ೧೮೩೯ರಲ್ಲಿ ವಿಲ್ಸನ್ನನ ಶಾಲೆಯ ಪಾರಸಿ ಹುಡುಗರಾದ ಧನಜಿಭಾಯಿ ನವರೋಜಿ, ಹೊರ್ಮಸಜಿ ಪೆಸ್ತನಜಿ ಎಂಬವರು ದೀಕ್ಷಾಸ್ನಾನ ಪಡೆದಾಗ ಪಾರಸಿ ಸಮಾಜ ತಲ್ಲಣಿಸಿತು. ವ್ಯವಹಾರ ಸುಪ್ರೀಂ ಕೋರ್ಟನ್ನು ಮುಟ್ಟಿತು. ಪಾರಸಿಗಳು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ೧೮೪೩ರಲ್ಲಿ ಶ್ರೀಪತಿ ಶೇಷಾದ್ರಿ ಎಂಬ ಬ್ರಾಹ್ಮಣ ಬಾಲಕನ ಪ್ರಕರಣ ಬಂದಿತು. ಅಣ್ಣ ನಾರಾಯಣ ಶೇಷಾದ್ರಿ ಕ್ರೈಸ್ತನಾದನು. ಅಪ್ರಾಪ್ತ ವಯಸ್ಸಿನ ತಮ್ಮನನ್ನು ನ್ಯಾಯಾಲಯ ತಂದೆಯ ವಶಕ್ಕೆ ಒಪ್ಪಿಸಿತು. ಅಷ್ಟಕ್ಕೆ ತೀರಲಿಲ್ಲ. ಪಾದ್ರಿಗಳ ಮನೆಯಲ್ಲಿ ಉಂಡ ಹುಡುಗನು ಜಾತಿಗೆ ಮರಳಬಹುದೆ? ಪ್ರಾಯಶ್ಚಿತ್ತದಿಂದ ಶುದ್ಧಿಯುಂಟೆಂದು ‘ದರ್ಪಣ’ ಪತ್ರಿಕೆಯನ್ನು ನಡೆಸಿದ ಬಾಳಶಾಸ್ತ್ರಿ ಜಾಂಭೇಕರರು ನಿಂತರು, ಸನಾತನಿಗಳು ಒಪ್ಪಲಿಲ್ಲ. ಪಾದ್ರಿಗಳೊಡನೆ ಹೂಡಿದ ಜಗಳ ಇಲ್ಲಿ ಮನೆಯೊಳಗಿನ ಜಗಳವಾಯಿತು. ವಾದಸಭೆಗಳಲ್ಲಿ ಎಂದೂ ಏಳದ ಪ್ರಶ್ನೆಯನ್ನು ಒಬ್ಬ ಹುಡುಗನ ಊಟ ಎಬ್ಬಿಸಿತು.

ಕನ್ನಡ ಸೀಮೆಯಲ್ಲಿಯೂ ಇದೇ ಕಾಲದಲ್ಲಿ ಇಂಥದೇ ಕಳವಳವಿತ್ತು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿನಲ್ಲಿ ನೆಲೆಸಿ, ೧೮೩೭ರಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡಕ್ಕೆ ಬಂದರು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗನೊಡನಾಟದಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿಣ್ಯ ೧೮೪೪ರಲ್ಲಿ ಕ್ರೈಸ್ತನಾದುದು ಅಲ್ಲಿಯ ಪ್ರಸಿದ್ಧ ಪ್ರಸಂಗ.

ಮುಂಬಯಿಯ ವಾದಗಳಲ್ಲಿ ಹೆಚ್ಚು ಹೆಸರಾದುವು ೧೮೫೭ರ ಕಡಲತಡಿಯ ಚರ್ಚೆಗಳು. ಹಿಂದೂಪಕ್ಷದ ನಾಯಕರು ವಿಷ್ಣುಬಾವಾ ಬ್ರಹ್ಮಚಾರಿ; ಪೂರ್ವನಾಮ ವಿಷ್ಣು ಭಿಕಾಜಿ ಗೋಖಲೆ (೧೮೨೫-೧೮೭೧). ಹೆಚ್ಚಿನ ಶಾಲಾಶಿಕ್ಷಣ ಪಡೆದವರಲ್ಲ. ಸುಂಕದ ಇಲಾಖೆಯ ಚಾಕರಿಯನ್ನು ತೊರೆದು, ಸಪ್ತಶೃಂಗಿ ಬೆಟ್ಟದಲ್ಲಿ ತಪಸ್ಸು ಮಾಡಿ, ಊರೂರು ತಿರುಗಿ ಉಪನ್ಯಾಸ ಮಾಡುತ್ತ ಮುಂಬಯಿಗೆ ಬಂದವರು. ಎದುರಿಗೆ ನಿಂತವರಲ್ಲಿ ಮುಖ್ಯನು ಅಮೆರಿಕದ ಜಾರ್ಜ್ ಬೋವೆನ್ (೧೮೧೬-೧೮೮೮). ಇವನೂ ಒಂದು ಬಗೆಯ ವಿರಕ್ತನೇ. ೧೮೪೮ರಲ್ಲಿ ಬಂದವನು ಮಿಶನ್ನಿನ ಸಂಬಳವನ್ನು ಬಿಟ್ಟು, ಬಡವರ ನಡುವೆ ಅತ್ಯಲ್ಪದಲ್ಲಿ ಬದುಕುತ್ತಿದ್ದನು. ಸನ್ಯಾಸಿಗೆ ಸನ್ಯಾಸಿಯೇ ಇದಿರಾದಂತಾಯಿತು.

ಜನವರಿಯಿಂದ ಮೇ ತಿಂಗಳವರೆಗೆ ಸಂಜೆಗಳಲ್ಲಿ ಮರಳ ಮೇಲೆ ಜನ ನೆರೆಯುತ್ತಿತ್ತು. ಶೂನ್ಯದಿಂದ ಸೃಷ್ಟಿ ಹೇಗೆ ಸಾಧ್ಯ? ದಯಾಮಯನಾದ ದೇವರು ಪಾಪಕ್ಕೆ ಎಡೆಯನ್ನೇಕೆ ಕೊಟ್ಟನು? ಒಬ್ಬನೇ ದೇವರು ಮೂವರಾಗುವುದು ಹೇಗೆ? ಹಿಂದಿನವರು ಪುರಾಣಗಳ ಕೋಟೆಯಲ್ಲಿದ್ದು ಬಾಣಗಳನ್ನು ತಡೆಯುತ್ತಿದ್ದರೆ, ವಿಷ್ಣುಬಾವಾ ಅದನ್ನು ಬಿಟ್ಟು ವೇದದ ನೆಲೆಯಲ್ಲಿ ನಿಂತು ತಾವೇ ಬಾಣ ಬಿಟ್ಟರು. ವರ್ಣವು ಗುಣಕರ್ಮಗಳಿಂದಲ್ಲದೆ ಹುಟ್ಟಿನಿಂದ ಬರುವುದಲ್ಲವೆಂಬ ಅವರ ಮತವು ಪಾದ್ರಿಗಳ ಒಂದು ದೊಡ್ಡ ಆಕ್ಷೇಪದ ಮೊನೆಯನ್ನು ಮುರಿಯುವಂಥದು. ಸ್ವಪಕ್ಷದ ಶಾಸ್ತ್ರಿಗಳಿಗೆ ಅದು ರುಚಿಸದಿರುವುದೂ ಸಹಜವೇ. ಈ ಚರ್ಚೆಗಳನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದವನು ಬೋವೆನ್. ಮರಾಠಿಯ ಪಾಠವೊಂದೂ ಉಂಟು. ಪ್ರತಿವಾದಿಯ ವಾದವನ್ನು ವಾದಿಯೇ ಬರೆದಿಟ್ಟಾಗ ಎಚ್ಚರದಿಂದ ಓದಬೇಕಾದುದು ನಿಜ. ಬರೆದಿಡಬೇಕೆನಿಸಿದುದೇ ಒಂದು ಗೌರವವೆಂಬುದೂ ನಿಜ.

ಚರ್ಚೆಗಳು ನಿಂತ ಮೇ ತಿಂಗಳಲ್ಲಿಯೇ ಮೀರತ್ತಿನಲ್ಲಿ ದಂಗೆ ಎದ್ದಿತು. ಮತದ ವಿಷಯದಲ್ಲಿ ಸರಕಾರದ ತಾಟಸ್ಥ್ಯವನ್ನು ಜನರು ನಂಬಿರಲಿಲ್ಲವೆಂಬುದು ಆಗ ಸ್ಪಷ್ಟವಾಯಿತು. ನಂಬದಿರಲು ಕಾರಣಗಳಿದ್ದುವು. ಮತಾಂತರಗೊಂಡವನ ಪಿತ್ರಾರ್ಜಿತ ಹಕ್ಕನ್ನು ೧೮೫೦ರ ಕಾಯಿದೆ ಉಳಿಸಿಕೊಟ್ಟಿತ್ತು. ೧೮೫೪ರ ವಿದ್ಯಾಶಾಸನದನಂತರ ಮಿಶನ್ ಶಾಲೆಗಳಿಗೂ ಸರಕಾರದ ಸಹಾಯಧನ ಸಲ್ಲುವಂತಾಯಿತು. ಮೊದಲನೆಯದು ನ್ಯಾಯವಾದುದೆಂದು ಇಂದು ತೋರುತ್ತದೆ. ಅಂದಿನ ತಂದೆಯರಿಗೆ ಹಾಗೆ ತೋರಲಿಲ್ಲ. ೧೮೫೮ರ ನವೆಂಬರ್ ೧ರಂದು ಹೊರಟ ರಾಣಿಯ ಘೋಷಣೆ ಪ್ರಜೆಗಳ ಮತದಲ್ಲಿ ಕೈಹಾಕುವುದಿಲ್ಲವೆಂದು ಮಾತು ಕೊಟ್ಟಿತು.

ವಿಷ್ಣುಬಾವಾ ೧೮೫೯ರಲ್ಲಿ ‘ವೇದೋಕ್ತ ಧರ್ಮಪ್ರಕಾಶ’ವನ್ನು ಹೊರತಂದರು. ಆದರೆ ಅವರ ಅತ್ಯಂತ ವಿಚಿತ್ರವಾದ ಕೃತಿ ೧೮೬೭ರ ‘ಸುಖದಾಯಕ ರಾಜ್ಯಪ್ರಕರಣೀ ನಿಬಂಧ’. ಪ್ರಜೆಗಳೆಲ್ಲ ಒಂದೇ ಕುಟುಂಬ, ಭೂಮಿಯೆಲ್ಲ ಎಲ್ಲರದು, ಬೆಳೆದ ಧಾನ್ಯ ಗ್ರಾಮದ ಸಾಮಾನ್ಯ ಸ್ವತ್ತು ಎಂಬುದು ಅದರ ಕಲ್ಪನೆ. ಕಾರ್ಲ್ ಮಾರ್ಕ್ಸನ ‘ಬಂಡವಾಳ’ದ ಮೊದಲ ಸಂಪುಟವೂ ಅದೇ ವರ್ಷ ಜರ್ಮನಿಯಲ್ಲಿ ಪ್ರಕಟವಾಯಿತು, ಒಂದಕ್ಕೊಂದು ಸಂಬಂಧವಿಲ್ಲ. ಸ್ವಮತವನ್ನು ಸಮರ್ಥಿಸಹೊರಟ ಬ್ರಹ್ಮಚಾರಿ ಹತ್ತು ವರ್ಷಗಳಲ್ಲಿ ರಾಜನ ಕರ್ತವ್ಯವೇನೆಂಬ ವಿಷಯಕ್ಕೆ ಬಂದು ನಿಂತಿದ್ದರು. ಆ ನಿಬಂಧ ೧೮೬೯ರಲ್ಲಿ ಇಂಗ್ಲಿಷಿಗೂ ಅನುವಾದವಾಯಿತು.